ಬಫೆ ಊಟ ಬಿಸಿಯಾಗಿರಬೇಕೇ? ಪ್ಲಗ್ಗು ಹಾಕುವ ಮುನ್ನ ಇಷ್ಟು ತಿಳಿದಿರಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮದುವೆ, ಮೆಹೆಂದಿ, ಒಕ್ಕಲು, ಬೊಜ್ಜ ಯಾವುದೇ ಇರಲಿ, ಬಾಳೆಎಲೆಯ ಪಂಕ್ತಿಯ ಪಕ್ಕಕ್ಕೆ ಈಗ ಬಫೆ ಮೇಜೂ ಬಂದಿದೆ. ಮೇಜಿನ ಬೆನ್ನಿಗೇ ಸ್ಟೀಲಿನ ಪೆಟ್ಟಿಗೆಗಳು ಬಂದವು. ಮೊದಲು ಕೆಳಗೆ ಜೆಲ್ ಡಬ್ಬಿ ಉರಿಸುವ ಚೇಫಿಂಗ್ ಡಿಶ್, ಆಮೇಲೆ ಕರೆಂಟಿನ ಬೇನ್ ಮೇರಿ, ಹಾಟ್ ಕೇಸ್, ಸೂಪ್ ವಾರ್ಮರ್. ಶಾಮಿಯಾನದ ಗಾಳಿಗೆ ಜೆಲ್ಲಿನ ಉರಿ ನಿಲ್ಲುವುದಿಲ್ಲ, ಬಟ್ಟೆ ಹೊದಿಸಿದ ಮೇಜಿನ ಮೇಲೆ ಬೆಂಕಿಯ ಭಯವೂ ಇದೆ. ಹಾಗಾಗಿ ಕರೆಂಟಿನ ಉಪಕರಣ ಒಳ್ಳೆಯದೇ. ಆದರೆ ಅದನ್ನು ಬಳಸುವ ಕ್ರಮ ಹಲವು ಕಡೆ ತಪ್ಪು. ಊಟಕ್ಕೆ ಬಂದವರಿಗೆ ಅದು ಕಾಣುವುದಿಲ್ಲ, ಮರುದಿನ ಹೊಟ್ಟೆ ಕೆಟ್ಟಾಗ ಮಾತ್ರ ಗೊತ್ತಾಗುತ್ತದೆ. ಆಗಲೂ ದೂರು ಹೋಗುವುದು ಕೋಳಿಯ ಮೇಲೆ, ಇಲ್ಲವೇ ಬಾವಿ ನೀರಿನ ಮೇಲೆ.

ಸಣ್ಣ ಹೋಟೆಲ್ ನಡೆಸುವವರು, ಹೊಸದಾಗಿ ಕೇಟರಿಂಗ್‌ಗೆ ಇಳಿದವರು, ಮನೆಯ ಕಾರ್ಯಕ್ರಮಕ್ಕೆ ಉಪಕರಣ ಬಾಡಿಗೆಗೆ ತರುವವರು ಈ ಕ್ರಮ ಹಿಡಿದರೆ ಸಾಕು.

ಎಲ್ಲಕ್ಕೂ ಮೊದಲು 60

ಬಿಸಿಯಾಗಿ ಬಡಿಸುವ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ತಣ್ಣಗೆ ಬಡಿಸುವುದು 5 ಡಿಗ್ರಿಗಿಂತ ಮೇಲೇರಬಾರದು. ಇದು ನನ್ನ ಲೆಕ್ಕವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಬಂದ ಪರವಾನಗಿ ನಿಯಮಗಳ 4ನೇ ಅನುಸೂಚಿ ಕೇಟರಿಂಗ್‌ನವರಿಗೆ ಹೇಳುವುದೇ ಇದನ್ನು. 5 ಮತ್ತು 60ರ ನಡುವೆ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಬೇಸಿಗೆ ಮಧ್ಯಾಹ್ನದ ನಮ್ಮೂರ ಸೆಕೆ ಬೀಳುವುದು ಸರಿಯಾಗಿ ಆ ನಡುವಿನಲ್ಲೇ.

ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಣಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ನಿಂತರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರುವ ಆ ವಿಷ ಮತ್ತೆ ಕುದಿಸಿದರೂ ಹೋಗದು. ದೊಡ್ಡ ಕೊಪ್ಪರಿಗೆಯಲ್ಲಿ ಮಾಡಿದ ಕೋಳಿ, ಕುರಿ ಗಸಿಗೆ ಕಾಡುವುದು ಇನ್ನೊಂದು, ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್. 45 ಡಿಗ್ರಿ ಆಸುಪಾಸಿನಲ್ಲಿ ಅದು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲದು. ಹತ್ತು ಸಲ ಇಮ್ಮಡಿಸಿದರೆ ಒಂದು ಸಾವಿರಕ್ಕೂ ಮೇಲಾಯಿತು. ಮುಹೂರ್ತ ತಡವಾಗಿ ಊಟ ಎರಡು ಗಂಟೆ ಹಿಂದೆ ಬಿದ್ದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

1. ಪದಾರ್ಥ ನೋಡಿ ಉಪಕರಣ ಆರಿಸಿ

ಬೇನ್ ಮೇರಿ ಎಂದರೆ ಕೆಳಗೆ ಬಿಸಿನೀರಿನ ತೊಟ್ಟಿ, ಮೇಲೆ ಟ್ರೇಗಳು. ಗಸಿ, ಸಾಂಬಾರ್, ಸಾರು, ಪಲ್ಯ, ಅನ್ನ ಇದಕ್ಕೆ ಸೇರಿದವು. ಈ ಟ್ರೇಗಳನ್ನು ಅಂಗಡಿಯಲ್ಲಿ ಜಿಎನ್ ಪ್ಯಾನ್ ಎಂದು ಕೇಳಿ. ಪೂರ್ಣ ಅಳತೆಯ ಟ್ರೇ 530 ಮಿ.ಮೀ. ಉದ್ದ, 325 ಮಿ.ಮೀ. ಅಗಲ ಇರುತ್ತದೆ. ಆಳ 65, 100, 150 ಮಿ.ಮೀ.ಗಳಲ್ಲಿ ಸಿಗುತ್ತದೆ. ಗಸಿಗೆ 100, ಸುಕ್ಕ ಮತ್ತು ಪಲ್ಯಕ್ಕೆ 65 ಸಾಕು. 150ರದ್ದು ಬೇಡ. ಹೆಚ್ಚು ಹಿಡಿಯುತ್ತದೆಂದು ಕೆಲವರು ಅದನ್ನೇ ಕೊಳ್ಳುತ್ತಾರೆ, ಆದರೆ ಆಳ ಹೆಚ್ಚಿದಷ್ಟೂ ಮೇಲಿನ ಪದರ ತಣ್ಣಗಾಗುತ್ತದೆ. 100ರ ಟ್ರೇಗೆ ಅಂಚು ಬಿಟ್ಟು 10 ಲೀಟರ್ ಗಸಿ ಹೊಯ್ದರೆ, ಒಬ್ಬರಿಗೆ 150 ಮಿ.ಲೀ. ಲೆಕ್ಕದಲ್ಲಿ 65 ಮಂದಿಗೆ ಆಗುತ್ತದೆ. ಆಮೇಲೆ ಟ್ರೇ ಬದಲಿಸಿದರಾಯಿತು.

ಹಾಟ್ ಕೇಸ್ ಎಂದರೆ ಗಾಜಿನ ಬಾಗಿಲಿನ ಒಣ ಪೆಟ್ಟಿಗೆ. ಗೋಳಿಬಜೆ, ಪೋಡಿ, ಬನ್ಸ್, ಕಟ್ಲೆಟ್ ಇಡಲು ಅದು. ಅರ್ಧ ಗಂಟೆ ಮೀರಿದರೆ ಗೋಳಿಬಜೆ ರಬ್ಬರಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕರಿದು ತುಂಬಿಸಿ. ಮೀನು ಫ್ರೈಯನ್ನು ಇದರಲ್ಲಿ ಇಡಬೇಡಿ, ಒಣಗಿ ಹಲಗೆಯಾಗುತ್ತದೆ. ಇನ್ನೊಂದು ಮಾತು: ಬಂಗುಡೆಯನ್ನು ಹಸಿಯಿರುವಾಗ ಐಸ್ ಇಲ್ಲದೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಕರಿದರೂ, ಎಷ್ಟು ಬಿಸಿ ಇಟ್ಟರೂ ಅದು ಹೋಗುವುದಿಲ್ಲ. ಮೀನಿನ ಎಚ್ಚರಿಕೆ ಶುರುವಾಗಬೇಕಾದದ್ದು ಮಾರ್ಕೆಟಿನಲ್ಲೇ.

ಪಾಯಸ, ರಸಂ, ಸೂಪಿಗೆ ದುಂಡು ಸೂಪ್ ವಾರ್ಮರ್. ಒಳಪಾತ್ರೆಯ ಸುತ್ತ ನೀರಿರುವುದನ್ನೇ ಕೊಳ್ಳಿ. ನೇರ ಕಾಯುವುದರಲ್ಲಿ ಬೆಲ್ಲ, ಕಾಯಿಹಾಲಿನ ಪಾಯಸ ತಳ ಹಿಡಿಯುತ್ತದೆ. ಮೇಲಾರ, ಮಜ್ಜಿಗೆಹುಳಿ ಹೆಚ್ಚು ಕಾದರೆ ಒಡೆಯುತ್ತವೆ. ಅವನ್ನು ಸಣ್ಣ ಟ್ರೇಯಲ್ಲಿ, 65 ಡಿಗ್ರಿ ಆಸುಪಾಸಿನಲ್ಲಿಟ್ಟು ಬೇಗ ಖಾಲಿ ಮಾಡಿ.

ನೀರುದೋಸೆಗೆ ಯಾವ ವಾರ್ಮರೂ ಆಗದು. ಕಾವಲಿಯಿಂದ ನೇರ ತಟ್ಟೆಗೆ ಬರಬೇಕು. ಪೆಟ್ಟಿಗೆಯಲ್ಲಿಟ್ಟ ನೀರುದೋಸೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಅದನ್ನು ನಂಟರಿಗೆ ಬಡಿಸುವ ಬದಲು ಕೋರಿರೊಟ್ಟಿ ಇಟ್ಟುಬಿಡಿ.

ಚಟ್ನಿ, ಪಚ್ಚಡಿ, ಸಲಾಡ್‌ಗಳನ್ನು ಬಿಸಿ ಟ್ರೇಗಳ ನಡುವೆ ಚಂದ ಕಾಣಲೆಂದು ಇಡುವವರಿದ್ದಾರೆ. ಕಾಯಿಚಟ್ನಿ ಬೆಚ್ಚಗಾದಷ್ಟೂ ಬೇಗ ಹಳಸುತ್ತದೆ. ಬೇರೆ ಮೇಜಿನಲ್ಲಿ, ಐಸಿನ ಮೇಲೆ ಇಡಿ.

ತೊಟ್ಟಿ, ಟ್ರೇ 304 ದರ್ಜೆಯ ಸ್ಟೀಲೇ ಆಗಿರಲಿ. 202 ಅಗ್ಗ, ಆದರೆ ನಮ್ಮ ಹವೆಗೆ, ಉಪ್ಪು ಹುಳಿಗೆ ಬೇಗ ತುಕ್ಕಿನ ಚುಕ್ಕೆ ಬೀಳುತ್ತದೆ. ಅಲ್ಯುಮಿನಿಯಂ ಟ್ರೇಯಲ್ಲಿ ಹುಣಸೆಹುಳಿ, ಪುನರ್ಪುಳಿ ಹಾಕಿದ ಪದಾರ್ಥ ಇಡಲೇಬೇಡಿ. ಸ್ಥಳೀಯ ಫ್ಯಾಬ್ರಿಕೇಶನ್ ಶೆಡ್‌ನವರು ಮಾಡಿಕೊಡುವ ಬೇನ್ ಮೇರಿ ಕೆಟ್ಟದ್ದೇನಲ್ಲ. ಎಷ್ಟೋ ಸಲ ತಗಡು ದಪ್ಪವಿರುತ್ತದೆ. ಕೊಳ್ಳುವಾಗ ಮೂರು ನೋಡಿ: ಥರ್ಮೋಸ್ಟಾಟ್ ಇದೆಯೇ, ನೀರು ಬಿಡಲು ಕೆಳಗೆ ನಲ್ಲಿ ಇದೆಯೇ, ಅರ್ತ್ ವಯರನ್ನು ಪೆಟ್ಟಿಗೆಯ ಮೈಗೆ ಬೋಲ್ಟ್ ಹಾಕಿ ಬಿಗಿದಿದ್ದಾರೆಯೇ.

2. ವ್ಯಾಟ್ ಕೂಡಿಸಿ

ಪ್ರತಿ ಉಪಕರಣದ ಹಿಂದೆ ವ್ಯಾಟ್ ಬರೆದ ಪಟ್ಟಿ ಇರುತ್ತದೆ. ಎಲ್ಲವನ್ನೂ ಕೂಡಿಸಿ 230ರಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ಒಂದು ಸಾಧಾರಣ ಬಫೆ ನೋಡಿ: ಬೇನ್ ಮೇರಿ 2,000, ಅನ್ನದ ವಾರ್ಮರ್ 1,000, ಹಾಟ್ ಕೇಸ್ 1,000, ಸೂಪ್ ವಾರ್ಮರ್ 400, ಚಹಾ ಕಾಫಿ ಬಾಯ್ಲರ್ 2,000. ಒಟ್ಟು 6,400 ವ್ಯಾಟ್, ಹತ್ತಿರ ಹತ್ತಿರ 28 ಆಂಪಿಯರ್. ಮೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ಇರುತ್ತದೆ. 3 ಕಿಲೋವ್ಯಾಟ್ ಎಂದಿದ್ದರೆ 13 ಆಂಪಿಯರ್ ಆಯಿತು, ಅದರಲ್ಲೇ ಫ್ರಿಜ್ಜು, ಪಂಪು, ದೀಪದ ಸರವೂ ಇವೆ. ದೊಡ್ಡ ಕಾರ್ಯಕ್ರಮಕ್ಕೆ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಇಲ್ಲವೇ ಜನರೇಟರ್ ತನ್ನಿ. ಕಂಬಕ್ಕೆ ಕೊಕ್ಕೆ ಹಾಕುವ ಯೋಚನೆ ಬೇಡ.

ಜನರೇಟರಿನವರು ಕೆವಿಎ ಹೇಳುತ್ತಾರೆ. 5 ಕೆವಿಎ ಎಂದರೆ ಸುಮಾರು 4 ಕಿಲೋವ್ಯಾಟ್ ಎಂದು ಹಿಡಿಯಿರಿ. ನೇಮದ ಊಟದಲ್ಲಿ ಒಂದೇ ಜನರೇಟರಿಗೆ ಮೈಕು, ಲೈಟು, ಬೇನ್ ಮೇರಿ ಮೂರನ್ನೂ ಕಟ್ಟುತ್ತಾರೆ. ದೀಪ ಮಂಕಾದ ಕೂಡಲೇ ಆಪರೇಟರ್ ಮೊದಲು ತೆಗೆಯುವುದು ಊಟದ ಪ್ಲಗ್ಗನ್ನು. ಯಾರೂ ಹೇಳುವುದಿಲ್ಲ, ಯಾರೂ ನೋಡುವುದಿಲ್ಲ. ಊಟಕ್ಕೆ ಬೇರೆಯೇ ಲೈನ್ ಕೇಳಿ. ತ್ರೀ ಫೇಸ್ ಇರುವ ಸಭಾಭವನದಲ್ಲಾದರೆ ಎಲ್ಲವನ್ನೂ ಒಂದೇ ಫೇಸಿಗೆ ಹಾಕದೆ ಹಂಚಬೇಕು, ಅದನ್ನು ಭವನದ ಇಲೆಕ್ಟ್ರಿಷಿಯನ್ನರೇ ಮಾಡಲಿ.

ಹಳ್ಳಿಯಲ್ಲಿ ಸಂಜೆಯ ಲೋ ವೋಲ್ಟೇಜಿನ ಲೆಕ್ಕವೂ ಗೊತ್ತಿರಲಿ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾಯಿಲಿನ ಕಾವು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಹೆಚ್ಚು ಇಳಿಯುತ್ತದೆ. 2,000 ವ್ಯಾಟಿನದ್ದು 1,225ಕ್ಕೆ ಬರುತ್ತದೆ. ಇಂಡಿಕೇಟರ್ ದೀಪ ಮಾತ್ರ ಎಂದಿನಂತೆ ಕೆಂಪಗೆ ಉರಿಯುತ್ತಿರುತ್ತದೆ.

3. ಪ್ಲಗ್ಗು, ವಯರು, ಅರ್ತ್

ಬೇನ್ ಮೇರಿ, ಬಾಯ್ಲರ್‌ಗಳಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಟಿವಿ, ಮೊಬೈಲ್ ಚಾರ್ಜರಿನ 6 ಆಂಪಿಯರ್ ಎಕ್ಸ್‌ಟೆನ್ಷನ್ ಬಾಕ್ಸಿಗೆ ಅಡಾಪ್ಟರ್ ಸಿಕ್ಕಿಸಿ ಹಾಕಿದರೆ ಬಾಕ್ಸ್ ಕರಗುತ್ತದೆ. 16 ಆಂಪಿಯರ್ ಲೈನಿಗೆ 2.5 ಚದರ ಮಿ.ಮೀ. ತಾಮ್ರದ ವಯರು, ದೂರ ಹೆಚ್ಚಿದ್ದರೆ 4 ಚದರ ಮಿ.ಮೀ. ಇರಲಿ. ರೀಲಿನಲ್ಲಿ ಸುತ್ತಿದ ವಯರನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದಲ್ಲೇ ಬಿಟ್ಟರೆ ಒಳಗೆ ಕಾದು ಇನ್ಸುಲೇಶನ್ ಮೆತ್ತಗಾಗುತ್ತದೆ.

ಮೂರನೇ ಪಿನ್ನು ಮುರಿದ ಪ್ಲಗ್ಗಿನ ಉಪಕರಣ ಮೇಜಿಗೆ ಬರಕೂಡದು. ಸ್ಟೀಲಿನ ಬಾಡಿ, ಒಳಗೆ ನೀರು, ಕೈಯಲ್ಲಿ ಸ್ಟೀಲ್ ಸೌಟು, ಕಾಲಡಿ ಒದ್ದೆ ನೆಲ ಎಂದಾಗ ಆ ಪಿನ್ನಿನ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಲೈನಿನಲ್ಲಿ ಕರೆಂಟು ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಕಾರ್ಯಕ್ರಮದ ಬೆಳಿಗ್ಗೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಸಾಕೆಟ್ ಬೋರ್ಡ್ ನೆಲದಲ್ಲಿ ಇರದೆ ಮರದ ಬೆಂಚಿನ ಮೇಲಿರಲಿ. ಮಳೆಗಾಲದ ಶಾಮಿಯಾನದಲ್ಲಿ, ಅಂಗಳದ ಕೆಸರಿನಲ್ಲಿ ಕರೆಂಟಿನ ಬಫೆಯೇ ಬೇಡ. ಅಲ್ಲಿಗೆ ಬಿಸಿ ಹಿಡಿದಿಡುವ ಮುಚ್ಚಿದ ಹಾಟ್ ಬಾಕ್ಸ್, ಪಕ್ಕದ ಗ್ಯಾಸ್ ಒಲೆಯೇ ಮೇಲು.

4. ಬಿಸಿನೀರು ಹೊಯ್ದು, ಮೊದಲೇ ಕಾಯಿಸಿ

ಸ್ವಿಚ್ ಹಾಕುವ ಮುನ್ನ ತೊಟ್ಟಿಗೆ ನೀರು. ನೀರಿಲ್ಲದೆ ಕಾದರೆ ಕಾಯಿಲ್ ಸುಡುತ್ತದೆ. ಬಾಡಿಗೆಗೆ ತಂದದ್ದಾದರೆ ಅದರ ದುಡ್ಡೂ ನಿಮ್ಮದೇ.

ನಲ್ಲಿ ನೀರು ಹೊಯ್ದು ಕಾಯಿಸಲು ಎಷ್ಟು ಹೊತ್ತು? 10 ಲೀಟರ್ ನೀರು 28 ಡಿಗ್ರಿಯಿಂದ 85ಕ್ಕೆ ಏರಲು 1,000 ವ್ಯಾಟಿನ ಕಾಯಿಲಿಗೆ 40 ನಿಮಿಷ ಬೇಕು, ಅದೂ ಒಂದಿಷ್ಟೂ ಕಾವು ಸೋರದಿದ್ದರೆ. ನಿಜದಲ್ಲಿ ಮುಕ್ಕಾಲು ಗಂಟೆ ಮೀರುತ್ತದೆ. ಅದಕ್ಕೆ ಗ್ಯಾಸಿನಲ್ಲಿ ಕುದಿಸಿದ ನೀರನ್ನೇ ಹೊಯ್ಯಿರಿ. ಕರೆಂಟೂ ಉಳಿಯಿತು, ಹೊತ್ತೂ ಉಳಿಯಿತು. ಖಾಲಿ ಟ್ರೇಗಳನ್ನು ಮುಚ್ಚಳ ಸಹಿತ ಇಟ್ಟು ಅವೂ ಕಾಯಲಿ. ನೀರು 80ರಿಂದ 90 ಡಿಗ್ರಿಯಲ್ಲಿ ನಿಲ್ಲಬೇಕು.

ನಡುವೆ ನೀರು ಕಡಿಮೆಯಾದರೆ ಸೇರಿಸುವುದೂ ಬಿಸಿನೀರನ್ನೇ. 85 ಡಿಗ್ರಿಯ 10 ಲೀಟರಿಗೆ 28 ಡಿಗ್ರಿಯ 5 ಲೀಟರ್ ಹೊಯ್ದರೆ ತೊಟ್ಟಿ ಒಮ್ಮೆಲೇ 66ಕ್ಕೆ ಇಳಿಯುತ್ತದೆ. ಅದರ ಮೇಲಿನ ಗಸಿ 60 ದಾಟಿ ಇರುವುದು ಹೇಗೆ?

5. ಕುದಿಸಿಯೇ ತನ್ನಿ: ಎಲ್ಲರೂ ಎಡವುವ ಜಾಗ

ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ. ಬೇನ್ ಮೇರಿ ಒಲೆಯಲ್ಲ. ಬಿಸಿಯಾಗಿ ಬಂದದ್ದನ್ನು ಬಿಸಿಯಾಗಿ ಉಳಿಸುವುದಷ್ಟೇ ಅದಕ್ಕೆ ಗೊತ್ತು. ಫ್ಲಾಸ್ಕಿಗೆ ತಣಿದ ಚಹಾ ಹೊಯ್ದು ಬಿಸಿಯಾಗಲಿ ಎಂದು ಯಾರಾದರೂ ಕಾಯುತ್ತಾರೆಯೇ?

ಆದರೆ ನಡೆಯುತ್ತಿರುವುದು ಅದೇ. ಬೆಳಗಿನ ಜಾವ ನಾಲ್ಕಕ್ಕೆ ಕೋಳಿಗಸಿ ಆಗುತ್ತದೆ. ಏಳಕ್ಕೆ ಪಿಕಪ್ಪಿಗೆ ಏರುತ್ತದೆ. ಮೂಡುಬಿದಿರೆಯ ಅಡುಗೆಮನೆಯಿಂದ ನಾರಾವಿಗೋ, ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು ಹಾದು ಗುರುವಾಯನಕೆರೆಗೋ ಹೋಗಬೇಕು. ಹೆದ್ದಾರಿ ಕಾಮಗಾರಿ ಇದ್ದಲ್ಲಿ ಯಾವಾಗ ತಲುಪುತ್ತದೆಂದು ದೇವರೇ ಹೇಳಬೇಕು. ಹತ್ತಕ್ಕೆ ಇಳಿಸುವಾಗ ಗಸಿ 40 ಡಿಗ್ರಿಯಲ್ಲಿರುತ್ತದೆ. ಹನ್ನೊಂದೂವರೆಗೆ ಟ್ರೇಗೆ ಹೊಯ್ದು, ತಣ್ಣೀರಿನ ಬೇನ್ ಮೇರಿಯಲ್ಲಿಟ್ಟು, ಸ್ವಿಚ್ ಹಾಕಿ, ಕೆಂಪು ದೀಪ ಉರಿಯಿತೆಂದು ಹುಡುಗರು ಚಹಾಕ್ಕೆ ಹೋಗುತ್ತಾರೆ. ಹನ್ನೆರಡೂವರೆಗೆ ಮುಚ್ಚಳ ತೆಗೆದರೆ ಅಂಚಿನಲ್ಲಿ ಹಬೆ ಕಾಣುತ್ತದೆ. ಎಲ್ಲರಿಗೂ ಸಮಾಧಾನ. ನಡುಭಾಗಕ್ಕೆ ಥರ್ಮೋಮೀಟರಿನ ಕಡ್ಡಿ ಇಳಿಸಿ ನೋಡಿದರೆ 45 ಇರುತ್ತದೆ. ಅಂದರೆ ನಾಲ್ಕು ಗಂಟೆಗೂ ಮೀರಿ ಅದು ನಿಯಮ ಬೇಡವೆಂದ ಕಾವಿನಲ್ಲೇ ಇತ್ತು. ವಾರ್ಮರ್ ಅಲ್ಲಿ ಮಾಡಿದ್ದು ಜೀವಾಣುಗಳಿಗೆ ಬೇಕಾದ ಬೆಚ್ಚನೆ ಒದಗಿಸುವ ಕೆಲಸವನ್ನು.

ಕಾಯಿ ಅರೆದು ಹಾಕಿದ ದಪ್ಪ ಗಸಿಯಲ್ಲಿ ಕಾವು ನಿಧಾನವಾಗಿ ಹರಡುತ್ತದೆ. ನೀರಿನಂತೆ ಅದು ತಾನಾಗಿ ಮೇಲೆ ಕೆಳಗೆ ತಿರುಗುವುದಿಲ್ಲ. ತಳ ಕಾದರೂ ನಡು ಕಾಯಲು ಗಂಟೆಗಳೇ ಹಿಡಿಯುತ್ತವೆ. ಥರ್ಮೋಸ್ಟಾಟ್ ಪೂರ್ತಿ ತಿರುಗಿಸಿದರೆ ತಳ ಸೀಯುತ್ತದೆ, ನಡು ಆಗಲೂ ಉಗುರುಬೆಚ್ಚಗೇ.

ನಿಯಮವೂ ಇದನ್ನೇ ಹೇಳುತ್ತದೆ. ಮತ್ತೆ ಬಿಸಿ ಮಾಡುವುದಾದರೆ ಪದಾರ್ಥದ ನಡುಭಾಗ 75 ಡಿಗ್ರಿ ಮುಟ್ಟಿ ಕನಿಷ್ಠ ಎರಡು ನಿಮಿಷ ಅಲ್ಲಿ ನಿಲ್ಲಬೇಕು. ಬೇನ್ ಮೇರಿಯಲ್ಲಿ, ದೀಪದ ಕೆಳಗೆ ಅಥವಾ ಬಿಸಿನೀರು ಬೆರೆಸಿ ಬಿಸಿ ಮಾಡಬಾರದು. ಒಮ್ಮೆ ಬಿಸಿ ಮಾಡಿದ್ದನ್ನು ಎರಡನೇ ಬಾರಿ ಬಿಸಿ ಮಾಡಲೇಬಾರದು.

ಸರಿಯಾದ ಕ್ರಮ ಹೀಗೆ. ಒಂದು, ಅಡುಗೆ ಮುಗಿಯುವ ಹೊತ್ತನ್ನು ಊಟದ ಹೊತ್ತಿಗೆ ಹತ್ತಿರ ತನ್ನಿ. ಜಾವದಲ್ಲಿ ಮಸಾಲೆ ಅರೆದಿಡಿ, ಕೋಳಿ ಬೇಯಿಸಬೇಡಿ. ಎರಡು, ದೂರ ಸಾಗಿಸುವುದಿದ್ದರೆ ಕುದಿಯುತ್ತಿರುವಾಗಲೇ ಹಾಟ್ ಬಾಕ್ಸಿಗೆ ತುಂಬಿಸಿ ಬಿಗಿಯಾಗಿ ಮುಚ್ಚಿ. ಬಾಕ್ಸಿನ ಒಳಗೂ ಮೊದಲು ಬಿಸಿನೀರು ಹಾಕಿ ಚೆಲ್ಲಿರಬೇಕು. ಮೂರು, ತಲುಪಿದ ಕೂಡಲೇ ಅಳೆಯಿರಿ. 60ಕ್ಕಿಂತ ಮೇಲಿದ್ದರೆ ಕಾದ ಟ್ರೇಗೆ ಹೊಯ್ಯಿರಿ. ಆಗಷ್ಟೇ ಸ್ವಲ್ಪ ಕೆಳಗಿಳಿದಿದ್ದರೆ ಗ್ಯಾಸ್ ಒಲೆಯಲ್ಲಿ ಸಣ್ಣ ಸಣ್ಣ ಪಾಲಿನಲ್ಲಿ ತೊಳಸುತ್ತಾ ಕುದಿಸಿ, ಆಮೇಲೆ ಟ್ರೇಗೆ. ನಾಲ್ಕು, 60ರ ಕೆಳಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ನಿಂತದ್ದನ್ನು ಚೆಲ್ಲಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಇನ್ನೂರು ಮಂದಿಯ ಹೊಟ್ಟೆಗಿಂತ ಒಂದು ಕೊಪ್ಪರಿಗೆ ಗಸಿ ದೊಡ್ಡದಲ್ಲ.

ಬೆಳ್ತಿಗೆ ಅನ್ನಕ್ಕೂ ಇದೇ ಮಾತು. ಕುಚ್ಚಲಕ್ಕಿ ಅನ್ನವನ್ನು ಗಂಜಿ ಬಸಿದ ಕೂಡಲೇ, ಹಬೆ ಏಳುತ್ತಿರುವಾಗಲೇ ಮುಚ್ಚಿಟ್ಟರೆ ಬಿಸಿ ಚೆನ್ನಾಗಿ ನಿಲ್ಲುತ್ತದೆ. ಬಿದಿರ ಚಾಪೆಯಲ್ಲಿ ಹರಡಿ ಆರಿಸಿದ ಅನ್ನವನ್ನು ವಾರ್ಮರಿಗೆ ತುಂಬುವ ಅಭ್ಯಾಸ ಬಿಡಿ.

6. ಅಳೆಯಿರಿ

ಚೂಪು ಕಡ್ಡಿಯ ಡಿಜಿಟಲ್ ಥರ್ಮೋಮೀಟರ್ ದುಬಾರಿಯೇನಲ್ಲ. ಒಂದು ಕಿಲೋ ಗೋಡಂಬಿಗೆ ಲೆಕ್ಕವಿಡದೆ ದುಡ್ಡು ಕೊಡುವವರು ಇದಕ್ಕೆ ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗದ ಸಂಗತಿ. ಐಸ್ ಕರಗುತ್ತಿರುವ ನೀರಿನಲ್ಲಿ ಅದು 0, ನಮ್ಮ ತಗ್ಗು ಊರುಗಳಲ್ಲಿ ಕುದಿಯುವ ನೀರಿನಲ್ಲಿ 100 ತೋರಿಸಬೇಕು. ತೋರಿಸಿದರೆ ಸರಿ ಇದೆ ಎಂದರ್ಥ.

ಉಪಕರಣದ ಮೇಲಿನ ಅಂಕಿ ನಂಬಬೇಡಿ. ಅದು ನೀರಿನ ಕಾವು, ಗಸಿಯದ್ದಲ್ಲ. ಕಡ್ಡಿಯನ್ನು ಟ್ರೇಯ ನಡುವಿಗೆ, ಅರ್ಧ ಆಳಕ್ಕೆ ಇಳಿಸಿ. ಅರ್ಧ ಗಂಟೆಗೊಮ್ಮೆ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. 65ಕ್ಕೆ ಇಳಿದರೆ ಎಚ್ಚೆತ್ತುಕೊಳ್ಳಿ. ಒಂದು ಟ್ರೇಯಿಂದ ಇನ್ನೊಂದಕ್ಕೆ ಹೋಗುವಾಗ ಕಡ್ಡಿ ಒರೆಸಿ. ಕೋಳಿಗೆ ಹಾಕಿದ್ದನ್ನು ಸಸ್ಯಾಹಾರದ ಟ್ರೇಗೆ ಹಾಕಿದರೆ ಜ್ವರಕ್ಕಿಂತ ಮೊದಲು ಜಗಳ ಬರುತ್ತದೆ. ಎರಡು ಥರ್ಮೋಮೀಟರ್ ಇಟ್ಟುಕೊಳ್ಳುವುದೇ ಜಾಣತನ.

ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತಳದಿಂದ ತೊಳಸಿ. ಬಡಿಸದಿರುವಾಗ ಮುಚ್ಚಳ ಹಾಕಿಡಿ. ಫೋಟೋಕ್ಕೆ ಚಂದ ಕಾಣಲೆಂದು ಎಲ್ಲ ಮುಚ್ಚಳ ತೆಗೆದಿಟ್ಟು, ಮೇಲೊಂದು ಪೆಡೆಸ್ಟಲ್ ಫ್ಯಾನ್ ತಿರುಗಿಸಿದರೆ ಯಾವ ವಾರ್ಮರೂ ಸೋಲುತ್ತದೆ.

7. ಟ್ರೇ ಬದಲಿಸಿ, ಮೇಲೆ ಹೊಯ್ಯಬೇಡಿ

ಟ್ರೇ ಅರ್ಧವಾದಾಗ ಹಳತರ ಮೇಲೆ ಹೊಸತು ಸುರಿಯುವುದು ಸಲ್ಲದು. ತಳದ ಹಳತು ಕೊನೆಯ ಪಂಕ್ತಿಯವರೆಗೂ ಅಲ್ಲೇ ಉಳಿಯುತ್ತದೆ. ಖಾಲಿ ಟ್ರೇ ತೆಗೆದು, ಬಿಸಿ ತುಂಬಿದ ಇನ್ನೊಂದನ್ನು ಇಡಿ. ಪ್ರತಿ ಪದಾರ್ಥಕ್ಕೆ ಒಂದು ಟ್ರೇ ಹೆಚ್ಚಿಗೆ ತರಬೇಕಾಗುತ್ತದೆ, ತನ್ನಿ. ಒಟ್ಟು ನಾಲ್ಕು ಗಂಟೆ ದಾಟಿದ್ದನ್ನು ಬಿಸಿ ಇದ್ದರೂ ಮುಂದುವರಿಸಬೇಡಿ, ರುಚಿಯಂತೂ ಎರಡು ಗಂಟೆಗೇ ಹೋಗಿರುತ್ತದೆ.

8. ಮುಗಿದ ಮೇಲೆ

ಪ್ಲಗ್ಗು ತೆಗೆದು, ತಣಿದ ಮೇಲೆ ನೀರು ಬಿಡಿ. ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿದ್ದರೆ ಲಿಂಬೆಹುಳಿ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಿರಿ. ಕಬ್ಬಿಣದ ನಾರಿನಿಂದ ಉಜ್ಜಬೇಡಿ. ಒಣಗಿಸಿಯೇ ಮುಚ್ಚಿಡಿ. ಮಳೆಗಾಲವಿಡೀ ಮೂಲೆಯಲ್ಲಿದ್ದದ್ದನ್ನು ನವೆಂಬರಿನಲ್ಲಿ ತೆಗೆಯುವಾಗ ಇಲೆಕ್ಟ್ರಿಷಿಯನ್ನರಿಗೆ ತೋರಿಸದೆ ಪ್ಲಗ್ಗು ಹಾಕಬೇಡಿ. ಕರೆಂಟಿನ ತೊಂದರೆಗೆ ಮೆಸ್ಕಾಂ ಸಹಾಯವಾಣಿ 1912. ಉಳಿದ ಗಸಿಯನ್ನು ರಾತ್ರಿಗೆಂದು ನೆರೆಮನೆಗೆ ಹಂಚುವ ಔದಾರ್ಯ ಬೇಡ.

ಕೊನೆಗೆ ನನ್ನ ಅಭಿಪ್ರಾಯ: ನೂರೈವತ್ತು, ಇನ್ನೂರು ಮಂದಿಯ ಊಟಕ್ಕೆ ಬಫೆಯೇ ಬೇಡ. ಒಲೆಯಿಂದ ಎಲೆಗೆ ಬರುವ ಪಂಕ್ತಿ ಊಟಕ್ಕೆ ವಾರ್ಮರೂ ಬೇಡ, ಜನರೇಟರೂ ಬೇಡ. ಬಫೆಯೇ ಆಗಬೇಕೆಂದಿದ್ದರೆ ಕೇಟರಿಂಗ್‌ನವರಿಗೆ ಮುಂಗಡ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಆಹಾರ ಪರವಾನಗಿ ಇದೆಯೇ? ಕೋಳಿ ಎಷ್ಟು ಗಂಟೆಗೆ ಬೇಯುತ್ತದೆ? ಥರ್ಮೋಮೀಟರ್ ತರುತ್ತೀರಾ? ಮೂರನೆಯದಕ್ಕೆ ನಕ್ಕವರಿಗೆ ಮುಂಗಡ ಕೊಡಬೇಡಿ.